ಈ ಬಸ್ಸು ಮೆಜೆಸ್ಟಿಕ್‌ಗೆ ಹೋಗುವುದಿಲ್ಲ

ಮೂರು ಅಕ್ಷರ ಅಳಿಸಲು ಎಂಟು ವರ್ಷ ಹಿಡಿಯಿತು. ಲೆಕ್ಕ ಹಾಕಿದರೆ ಅಕ್ಷರವೊಂದಕ್ಕೆ ಎರಡು ವರ್ಷ ಎಂಟು ತಿಂಗಳು. ಪಹಣಿಯಲ್ಲಿ ಅಪ್ಪನ ಹೆಸರಿನ ಕಾಗುಣಿತ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದೇನು ಮಹಾ ವಿಳಂಬ ಅನ್ನಿಸಲಿಕ್ಕಿಲ್ಲ. ಆದರೂ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಒಂದು ಸಕ್ಕರೆ ನೀರಿನ ಪೊಟ್ಟಣದ ಮೇಲಿನ 'ಓಆರ್‌ಎಸ್' ಎಂಬ, ಬೇದಿಯಾದವರಿಗೆ ಕುಡಿಸುವ ಉಪ್ಪು-ಗ್ಲೂಕೋಸ್ ನೀರಿನ ಹೆಸರನ್ನು ತೆಗೆಸಲು ಅಷ್ಟು ಕಾಲ ಜಗಳವಾಡಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊನೆಗೂ ಆದೇಶ ಹೊರಡಿಸಿದಾಗ ಆಕೆ ಕ್ಯಾಮೆರಾ ಮುಂದೆ ಅತ್ತದ್ದನ್ನು ನೀವೂ ನೋಡಿರುತ್ತೀರಿ.

ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಕೊನೆಯಲ್ಲ, ನಡುವಿನ ಭಾಗ. 2022ರ ಏಪ್ರಿಲ್‌ನಲ್ಲಿ ಇದೇ ಪ್ರಾಧಿಕಾರ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡದ ಪಾನೀಯಕ್ಕೆ ಆ ಹೆಸರು ಕೂಡದು ಎಂದಿತ್ತು. ಜುಲೈ ಬರುವ ಹೊತ್ತಿಗೆ ಯಾರು ಬಂದು ಯಾವ ಮಂತ್ರ ಹೇಳಿದರೋ, ಮನಸ್ಸು ಕರಗಿತು. ಹೆಸರು ಇಟ್ಟುಕೊಳ್ಳಿ, ಆದರೆ ಪೊಟ್ಟಣದ ಮೇಲೆ 'ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಸೂತ್ರವಲ್ಲ' ಅಂತ ಬರೆಯಿರಿ ಎಂದು ಅಪ್ಪಣೆಯಾಯಿತು. ಮುಂದೆ ದಪ್ಪಕ್ಷರದಲ್ಲಿ ಓಆರ್‌ಎಸ್, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಓಆರ್‌ಎಸ್ ಅಲ್ಲ. ಮೂರು ವರ್ಷ ಇದು ಈ ದೇಶದ ಅಧಿಕೃತ ನಿಲುವಾಗಿತ್ತು.

ಇಂಥ ಪ್ರತಿಭೆ ಒಂದೇ ಇಲಾಖೆಗೆ ಸೀಮಿತವಾದದ್ದು ನಮ್ಮ ದುರದೃಷ್ಟ. ಬಸ್ಸಿನ ನೆತ್ತಿಯ ಮೇಲೆ 'ಮೆಜೆಸ್ಟಿಕ್' ಅಂತ ಬೋರ್ಡು, ಹಿಂದಿನ ಚಕ್ರದ ಮೇಲೆ, ಕೆಸರು ಒರೆಸಿದರೆ ಕಾಣುವ ಹಾಗೆ, 'ಈ ಬಸ್ಸು ಮೆಜೆಸ್ಟಿಕ್‌ಗೆ ಹೋಗುವುದಿಲ್ಲ'. ಕೆಂಗೇರಿಯಲ್ಲಿ ಇಳಿಸಿದ ಕಂಡಕ್ಟರನ ಮೇಲೆ ಕೂಗಾಡಿದರೆ, 'ಬರ್ದಿದೀವಲ್ಲ ಸಾರ್, ನೋಡ್ಕೊಂಡು ಹತ್ಬೇಕಪ್ಪ' ಅಂತಾನೆ. ಕಾನೂನು ಅವನ ಕಡೆಗೇ ಇದೆ.

ಆ ಪೊಟ್ಟಣದೊಳಗೆ ಏನಿತ್ತು ಅಂತ ಒಂದಿಷ್ಟು ಲೆಕ್ಕ ನೋಡೋಣ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಒಟ್ಟು 20.5 ಗ್ರಾಂ ಪುಡಿ. ಅದರಲ್ಲಿ ಗ್ಲೂಕೋಸ್ ಇರುವುದು ರುಚಿಗಲ್ಲ. ಕರುಳಿನ ಗೋಡೆಯ ಒಂದು ಬಾಗಿಲು ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಮಾತ್ರ ತೆರೆಯುತ್ತದೆ, ಅವುಗಳ ಬೆನ್ನಿಗೇ ನೀರು ಒಳಗೆ ಹೋಗುತ್ತದೆ. ಬೇದಿ ಎಷ್ಟೇ ಜೋರಾಗಿದ್ದರೂ ಈ ಬಾಗಿಲು ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ಇಡೀ ಚಮತ್ಕಾರ ಇಷ್ಟೆ. ಸಕ್ಕರೆ ಅಳತೆ ಮೀರಿದರೆ ಎಲ್ಲ ತಿರುವುಮುರುವು. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ, ಬೇದಿ ಇನ್ನಷ್ಟು ಹರಿಯುತ್ತದೆ. ಲೀಟರಿಗೆ 13.5 ಗ್ರಾಂ ಇರಬೇಕಾದ ಕಡೆ, ಆ ಹೆಸರು ಹೊತ್ತ ಈ ಆಪಲ್, ಆರೆಂಜ್ ಪಾನೀಯಗಳಲ್ಲಿ ಸಕ್ಕರೆ ನೂರು ಗ್ರಾಂ ದಾಟಿದವೂ ಇದ್ದವು. ಹೊಟ್ಟೆ ಕೆಟ್ಟ ಮಗುವಿಗೆ ಅಮ್ಮ ಪ್ರೀತಿಯಿಂದ, ಸ್ಟ್ರಾ ಚುಚ್ಚಿ, ಇನ್ನಷ್ಟು ಬೇದಿಯನ್ನೇ ಕುಡಿಸುತ್ತಿದ್ದಳು.

ಅಂಗಡಿಯ ಗಲ್ಲೆಯ ಮುಂದೆ ನಿಂತು ಕೇಳಿ.

'ಅಣ್ಣಾ, ಪಾಪೂಗೆ ಬೆಳಗ್ಗಿಂದ ಬೇದಿ. ಓಆರ್‌ಎಸ್ ಕೊಡಿ.'

'ಪುಡಿನಾ, ರೆಡಿದಾ?'

'ಯಾವ್ದು ಒಳ್ಳೇದು?'

'ಮಕ್ಳು ಆಪಲ್ ಇಷ್ಟಪಡ್ತವೆ ನೋಡಿ ಅಕ್ಕಾ.'

ಅಣ್ಣ ಸುಳ್ಳು ಹೇಳಲಿಲ್ಲ. ಮಕ್ಕಳು ಆಪಲ್ ಇಷ್ಟಪಡುತ್ತವೆ. ಪುಡಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದರ ಬೆಲೆಗೆ ಸರ್ಕಾರದ ಮಿತಿ ಇದೆ. ಪಾನೀಯಕ್ಕೆ ಅಂಥ ಮಿತಿ ಇಲ್ಲ, ಅದು ಆಹಾರ. ಹಾಗಾಗಿ ಪಾನೀಯ ಗಲ್ಲೆಯ ಮೇಲೆ ಸಾಲಾಗಿ ನಿಂತಿರುತ್ತದೆ, ಪುಡಿ ಡ್ರಾಯರಿನ ತಳದಲ್ಲಿ ಬ್ಯಾಂಡೇಜ್ ಸುರುಳಿಯ ಕೆಳಗೆ ಮಲಗಿರುತ್ತದೆ. ಅದೇ ಪುಡಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗುವುದೇ ಅದರ ದೊಡ್ಡ ದೋಷ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ಟ್ರಾ ಇಲ್ಲದ ಗಿಡವಂತೂ ಮದ್ದೇ ಅಲ್ಲ.

ಆ ಪುಡಿಯ ಚರಿತ್ರೆಯೂ ಕಡಿಮೆಯದಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಲಾಗಿ ಸಾಯುತ್ತಿದ್ದಾಗ, ಡ್ರಿಪ್ ಬಾಟಲಿ ಮುಗಿದುಹೋಗಿ ದಿಕ್ಕುಗಾಣದೆ ನಿಂತಿದ್ದ ಡಾ. ದಿಲೀಪ್ ಮಹಾಲನೋಬಿಸ್, ಉಪ್ಪು ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಅವರು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು. ಓಆರ್‌ಎಸ್ ಎಂಬ ಹೆಸರನ್ನು ಸಕ್ಕರೆ ನೀರಿಗೆ ಬಾಡಿಗೆ ಕೊಟ್ಟ ಆ ಜುಲೈ ತಿಂಗಳು ಅವರಿನ್ನೂ ಬದುಕಿದ್ದರು.

ಪುಡಿ ಕಲಸುವುದರಲ್ಲೂ ನಮ್ಮ ಜಾಣತನ ಸುಮ್ಮನಿರುವುದಿಲ್ಲ. ಲೀಟರಿನ ಪೊಟ್ಟಣದಿಂದ ಒಂದು ಚಮಚ ತೆಗೆದು ಲೋಟಕ್ಕೆ ಹಾಕಿ, ಉಳಿದದ್ದಕ್ಕೆ ಕ್ಲಿಪ್ ಹಾಕಿ ಫ್ರಿಜ್ಜಿನ ಮೇಲೆ ಇಡುತ್ತೇವೆ. ಪುಡಿ ಹೆಚ್ಚಾಗಿ ನೀರು ಕಡಿಮೆಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಎಳೆ ಮಕ್ಕಳಿಗೆ ಫಿಟ್ಸ್ ಬರುವವರೆಗೂ ಹೋಗಬಹುದು. ನೀರು ಹೆಚ್ಚಾದರೆ ಪುಡಿ ಹಾಕಿದ್ದೇ ದಂಡ. ಪೊಟ್ಟಣ ಲೀಟರಿನದೋ 200 ಮಿಲಿಯದೋ ಮೊದಲು ನೋಡಬೇಕು. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಒಮ್ಮೆಲೇ ಸುರಿಯಬೇಕು. ಹಾಲು, ಜ್ಯೂಸು, ಮೇಲೊಂದು ಚಮಚ ಸಕ್ಕರೆ ಯಾವುದೂ ಸೇರಕೂಡದು. 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬೇದಿಯ ನಂತರ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವಕ್ಕೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಗುವಿಗೆ ಜೊತೆಗೆ ಸತು, ಅಂದರೆ ಜಿಂಕ್, ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ. ಬೇದಿ ಮೂರನೇ ದಿನಕ್ಕೇ ನಿಂತರೂ ಹದಿನಾಲ್ಕೂ ದಿನ. ಪುಡಿ ಸಿಗದ ಸರಿಹೊತ್ತಿನಲ್ಲಿ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ, ಗೋಪುರ ಕಟ್ಟಿದ್ದಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಹಿಂದೆ ಹೋದರೆ, ಮಗು ಕುಡಿಯಲಾರದಷ್ಟು ಮಂಕಾದರೆ, ಬೇದಿಯಲ್ಲಿ ರಕ್ತ ಕಂಡರೆ ಮನೆಮದ್ದಿನ ಚರ್ಚೆ ಬಿಟ್ಟು ಆಸ್ಪತ್ರೆಗೆ ಓಡಬೇಕು.

ದೊಡ್ಡಕ್ಷರ ಒಂದು ಹೇಳುವುದು, ಸಣ್ಣಕ್ಷರ ಅದನ್ನು ಅಲ್ಲಗಳೆಯುವುದು ಈ ಒಂದು ಪಾನೀಯದ ಗುಣವೇನಲ್ಲ, ಇಡೀ ಮೆಡಿಕಲ್ ಸ್ಟೋರಿನ ವ್ಯಾಕರಣವೇ ಅದು. 'ಫ್ರೂಟ್ ಸಾಲ್ಟ್' ನೋಡಿ. ಹಣ್ಣಿನ ಉಪ್ಪು ಅಂತ ಹೆಸರು, ಒಳಗಿರುವುದು ಅಡುಗೆ ಸೋಡ ಮತ್ತು ಸಿಟ್ರಿಕ್ ಆಮ್ಲ. ಹಣ್ಣು ಫೋಟೋಕ್ಕೆ ಮಾತ್ರ ಬಂದು ಹೋಗಿದೆ. ಬಿಪಿ ಇದೆ ಅಂತ ಸಾರಿಗೆ ಉಪ್ಪು ಕಡಿಮೆ ಮಾಡಿಸಿದ ಯಜಮಾನರು, ಊಟವಾದ ಮೇಲೆ ಬುಸ್ಸೆನ್ನಿಸಿ ಕುಡಿಯುವ ಲೋಟದಲ್ಲಿ ಸೋಡಿಯಂ ಬಡ್ಡಿ ಸಮೇತ ವಾಪಸು ಪಡೆಯುತ್ತಾರೆ. ಇನ್ನು ಗ್ಯಾಸ್ಟ್ರಿಕ್ ಅಂದರೆ ಕರ್ನಾಟಕದ ನಾಡರೋಗ. ತಲೆನೋವು ಗ್ಯಾಸ್ಟ್ರಿಕ್, ಬೆನ್ನುನೋವು ಗ್ಯಾಸ್ಟ್ರಿಕ್, ಅಳಿಯನ ಸಿಟ್ಟೂ ಗ್ಯಾಸ್ಟ್ರಿಕ್. ಎದೆ ಹಿಂಡಿ, ಬೆವರು ಕಿತ್ತು, ನೋವು ದವಡೆಗೋ ಎಡತೋಳಿಗೋ ಹರಿದರೂ 'ರಾತ್ರಿ ಬಜ್ಜಿ ತಿಂದಿದ್ದೆ ಕಣೋ' ಅಂತ ಒಂದು ಲೋಟ ಬುಸ್ಸೆನ್ನಿಸಿ ಮಲಗುವವರು ನಮ್ಮಲ್ಲಿದ್ದಾರೆ. ಆ ಹೊತ್ತಿಗೆ ಬೇಕಾದದ್ದು ಇಸಿಜಿ.

ಡೋಲೋ 650ನ್ನು ಭಾರತೀಯರು ಜೆಮ್ಸ್ ಹಾಗೆ ತಿನ್ನುತ್ತಾರೆ ಅಂತ ಅಮೆರಿಕದಲ್ಲಿರುವ ವೈದ್ಯರೊಬ್ಬರು 2025ರಲ್ಲಿ ಬರೆದು ಎಲ್ಲರನ್ನೂ ನಗಿಸಿದರು. ಬೆಂಗಳೂರಿನ ಕಂಪನಿಯ ಮಾತ್ರೆ ಅಂತ ನಾವು ಸ್ವಲ್ಪ ಹೆಮ್ಮೆಯನ್ನೂ ಪಟ್ಟೆವು. ಹೇಳಬೇಕೆಂದರೆ ಅದರೊಳಗಿನ ಪ್ಯಾರಾಸಿಟಮಾಲ್ ಒಳ್ಳೆಯ ಮದ್ದೇ. ಪೇಚಿರುವುದು ಕೂಡಿಸುವ ಲೆಕ್ಕದಲ್ಲಿ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಗರಿಷ್ಠ, ಎರಡು ಡೋಸುಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡುವು. ಕುಡಿಯುವವರು, ತೀರ ಸಣಕಲು ಮೈಯವರು, ಲಿವರ್ ತೊಂದರೆ ಇರುವವರು ಅದಕ್ಕೂ ಕಡಿಮೆಯಲ್ಲಿ ನಿಲ್ಲಿಸಬೇಕು. ಈಗ ಒಂದು ಮರ್ಯಾದಸ್ಥ ಜ್ವರದ ದಿನ ನೋಡಿ. 650 ಮಿಲಿಗ್ರಾಮಿನದು ಮೂರು, ಅಲ್ಲಿಗೆ 1950. ಮೂಗು ಸೋರುತ್ತದೆಂದು ಶೀತದ ಮಾತ್ರೆ ಮೂರು, ಅದರಲ್ಲೂ ತಲಾ 500 ಪ್ಯಾರಾಸಿಟಮಾಲ್, 3450 ಆಯಿತು. ಮೈಕೈ ನೋವಿಗೆಂದು ಪಕ್ಕದ ಮನೆಯವರು ಕೊಟ್ಟ ಇಬುಪ್ರೊಫೇನ್ ಜೋಡಿ ಮಾತ್ರೆ ಎರಡು, ಅದರೊಳಗೂ ತಲಾ 325 ಪ್ಯಾರಾಸಿಟಮಾಲ್. ಮೊತ್ತ 4100 ಮಿಲಿಗ್ರಾಂ, ಅಂದರೆ 4.1 ಗ್ರಾಂ. ಆಸಾಮಿಯನ್ನು ಕೇಳಿದರೆ 'ಪ್ಯಾರಾಸಿಟಮಾಲ್ ಮೂರೇ ತಗೊಂಡಿದ್ದು' ಅಂತಾರೆ, ಪ್ರಾಮಾಣಿಕವಾಗಿ. ಒಂದು ದಿನ ಕೂದಲೆಳೆ ದಾಟಿದ್ದಕ್ಕೆ ಯಾರೂ ಉರುಳುವುದಿಲ್ಲ, ಆದರೆ ಇದೇ ಮೆನು ನಾಲ್ಕೈದು ದಿನ ನಡೆದರೆ, ಜೊತೆಗೆ ಜ್ವರದಲ್ಲಿ ಊಟವೂ ಇಲ್ಲದಿದ್ದರೆ, ಲಿವರಿಗೆ ವಿಷ ಕಳೆಯುವ ಸರಕೇ ಮುಗಿಯುತ್ತದೆ. ಇದರ ಕಪಟ ಏನೆಂದರೆ ಮೊದಲ ದಿನ ಸ್ವಲ್ಪ ವಾಕರಿಕೆ ಅಷ್ಟೆ, ಲಿವರ್ ಕೆಟ್ಟದ್ದು ಎದ್ದು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಹೆಚ್ಚು ನುಂಗಿದ್ದಕ್ಕೆ ಕೊಡುವ ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಹಿಡಿಯುವುದು ಮೊದಲ ಎಂಟು ಗಂಟೆಯೊಳಗೆ. ಅಂದಹಾಗೆ, ಶೀತದ ಮಾತ್ರೆಯಲ್ಲಿ ಮೂಗು ಬಿಡಿಸಲೆಂದು ಇರುವ ಫಿನೈಲೆಫ್ರಿನ್ ಬಾಯಿಂದ ನುಂಗಿದರೆ ಕೆಲಸ ಮಾಡುವುದಿಲ್ಲ ಅಂತ 2023ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಲಹಾ ಸಮಿತಿ ಹೇಳಿತು. ನಮ್ಮ ಮೂಗಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ವಿಟಮಿನ್ ಕಪಾಟಿನ ಮುಂದೆ ಬಂದರಂತೂ ಕೈಮುಗಿಯಬೇಕು. 'ರೋಗನಿರೋಧಕ ಶಕ್ತಿ', 'ಮೂಳೆಗೆ ಬಲ', 'ಕೂದಲಿಗೆ ಕಾಂತಿ' ಅಂತ ಮುಂದೆ. ಹಿಂದೆ, ಕಾನೂನಿನ ಒತ್ತಾಯಕ್ಕೆ, 'ಔಷಧೀಯ ಬಳಕೆಗಲ್ಲ'. ಅದೇ ಬಸ್ಸು, ಅದೇ ಕಂಡಕ್ಟರು. ವಿಟಮಿನ್ ಡಿ3 ಪೊಟ್ಟಣದಲ್ಲಿ 60,000 ಯೂನಿಟ್ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600. ಒಂದು ಪೊಟ್ಟಣ ನೂರು ದಿನದ ಬಾಬ್ತು. ವೈದ್ಯರು ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಕೆಲವು ವಾರ ಅಂತ ಬರೆಯುತ್ತಾರೆ, ಮನೆಯಲ್ಲಿ ಅದು ದಿನಾ ರಾತ್ರಿ ಹಾಲಿಗೆ ಬೀಳುತ್ತದೆ. ಹೆಚ್ಚಾದ ಡಿ ಮೂತ್ರದಲ್ಲಿ ಹೋಗುವ ಪೈಕಿಯಲ್ಲ, ಕೊಬ್ಬಿನಲ್ಲಿ ಕೂತಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಸುಸ್ತು, ಕೊನೆಗೆ ಕಿಡ್ನಿ. ಸುಸ್ತಾಗಿದೆ ಅಂತ ಇನ್ನೊಂದು ಪೊಟ್ಟಣ. ಕೂದಲಿಗೆಂದು ಜಗಿಯುವ ಗಮ್ಮಿಯಲ್ಲಿರುವ ಬಯೋಟಿನ್ ಎಂಬ ವಿಟಮಿನ್ ಕೂದಲಿಗೆ ಏನು ಮಾಡುತ್ತದೋ, ಥೈರಾಯ್ಡ್ ರಿಪೋರ್ಟನ್ನಂತೂ ಕೆಡಿಸಬಲ್ಲದು, ಹೃದಯಾಘಾತ ಪತ್ತೆ ಹಚ್ಚುವ ಟ್ರೊಪೊನಿನ್ ಪರೀಕ್ಷೆಯನ್ನೂ. ರಕ್ತ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ರಕ್ತ ತೆಗೆಯುವವರಿಗೆ ಹೇಳಬೇಕು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು, ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಅದು ಹೊಟ್ಟೆಯಲ್ಲಿ ತಿರುಗಾಡಿ ಹೊರಟುಹೋಗುತ್ತದೆ. ಇದನ್ನೆಲ್ಲ ಹೇಳಬೇಕಾದ ಫಾರ್ಮಸಿಸ್ಟರ ಸರ್ಟಿಫಿಕೇಟು ಗೋಡೆಯ ಮೇಲೆ ಗಾಜಿನೊಳಗೆ ಕೂತು ವ್ಯಾಪಾರ ನೋಡಿಕೊಳ್ಳುತ್ತಿರುತ್ತದೆ.

ಓಆರ್‌ಎಸ್ ಆದೇಶ ಬಂದ ಅದೇ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಿಂದ ಇನ್ನೊಂದು ಸುದ್ದಿ ಬರುತ್ತಿತ್ತು. ಇದರಲ್ಲಿ ತಮಾಷೆ ಏನೂ ಇಲ್ಲ. ಕೆಮ್ಮು ಶೀತಕ್ಕೆ ಕುಡಿಸಿದ ಸಿರಪ್ಪಿನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ, ಕಿಡ್ನಿ ಕೆಡಿಸುವ ವಿಷ ಇತ್ತು. ಶೇ. 0.1 ದಾಟಬಾರದ್ದು ತಮಿಳುನಾಡಿನ ಪ್ರಯೋಗಾಲಯದಲ್ಲಿ ಶೇ. 48.6 ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕಿಡ್ನಿ ನಿಂತು ಸತ್ತವು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಶೀತದ ಸಿರಪ್ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದು ಎಂದು ಬಾಟಲಿಯ ಮೇಲೆ ಬರೆಯಿರಿ ಅಂತ 2023ರ ಡಿಸೆಂಬರ್‌ನಲ್ಲೇ ಆದೇಶವಾಗಿತ್ತು. ಬರೆದರೂ ಯಾವ ಅಕ್ಷರದಲ್ಲಿ? ಕೆಮ್ಮುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ರಾತ್ರಿ ಹತ್ತೂವರೆಗೆ ಅರ್ಧ ಷಟರ್ ಎಳೆದ ಅಂಗಡಿಯ ಮುಂದೆ ನಿಂತ ತಾಯಿ ಇಂಗ್ಲಿಷಿನ ಇರುವೆ ಸಾಲು ಓದಬೇಕಿತ್ತೇ? ಓದಿದ್ದರೂ ಬಾಟಲಿಯೊಳಗಿನ ವಿಷ ಯಾವ ಅಕ್ಷರದಲ್ಲಿತ್ತು? ಎಚ್ಚರಿಕೆಯ ಹೊಣೆಯನ್ನೆಲ್ಲ ಕೊಳ್ಳುವವಳ ಕಣ್ಣಿಗೆ ವಹಿಸಿ, ತಯಾರಿಸಿದವನು, ಪರೀಕ್ಷಿಸಬೇಕಾದವನು, ಮಾರಿದವನು ಮೂವರೂ ಕೈ ತೊಳೆದುಕೊಳ್ಳುವ ಈ ವ್ಯವಸ್ಥೆ ನೋಡಿ ನೋಡಿ ಸಾಕಾಗಿದೆ.

ಓಆರ್‌ಎಸ್ ಅಂತ ಕೈಗೆ ಬಂದದ್ದು ಔಷಧವೋ ಬರೀ ಆಹಾರವೋ ಅಂತ ಗುರುತು ಹಿಡಿಯುವುದಕ್ಕೆ ಒಂದು ಉಪಾಯವಂತೂ ಉಂಟು. ಪೊಟ್ಟಣ ತಿರುಗಿಸಿ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇದ್ದರೆ ಅದು ಆಹಾರ, ಮುಂದೆ ಏನೇ ಬರೆದಿರಲಿ. 'ಓರಲ್ ರೀಹೈಡ್ರೇಶನ್ ಸಾಲ್ಟ್ಸ್ ಐ.ಪಿ.' ಅಂತಲೂ, ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆಯೂ ಇದ್ದರೆ ಅದು ಔಷಧ.

ಓಆರ್‌ಎಸ್ ಆದೇಶದ ನಂತರ ಗೋದಾಮಿನಲ್ಲಿರುವ ಹಳೇ ಸ್ಟಾಕಾದರೂ ಮಾರಲು ಬಿಡಿ ಅಂತ ಕಂಪನಿಯೊಂದು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಅಕ್ಟೋಬರ್ 31ರಂದು ಕೋರ್ಟು ಒಪ್ಪಲಿಲ್ಲ. ಮತ್ತೆ ಕೆಲವರು ಹೆಸರಿನ ಅಕ್ಷರಗಳನ್ನು ಅತ್ತಿತ್ತ ಮಾಡಿಕೊಂಡು ಹೊಸ ನಾಮಧೇಯದಲ್ಲಿ ಅದೇ ಕಪಾಟಿಗೆ ಮರಳಿದರು.

'ಅಣ್ಣಾ, ಓಆರ್‌ಎಸ್ ಇದೆಯಾ?'

'ಈಗ ಹೆಸರು ಚೇಂಜ್ ಆಗಿದೆ ಅಕ್ಕಾ. ಇದೇ ಅದು. ಆಪಲ್ ಕೊಡ್ಲಾ?'