ಯೇಸುವಿನ ವಿಷಯ ಹೇಳಲು ಲೈಸೆನ್ಸ್ ಬೇಕೆ?

‘ಪಾದ್ರಿಗಳನ್ನು ಬಿಟ್ಟು ಬೇರೆ ಕ್ರೈಸ್ತರು ಧರ್ಮದ ಮಾತೆತ್ತಿದರೆ ಅಪರಾಧ’ ಎನ್ನುವ ವಾಟ್ಸ್ಆ್ಯಪ್ ಸಂದೇಶ ತಪ್ಪು. ಅಂಥ ಲೈಸೆನ್ಸ್ ಪಾದ್ರಿಗಳಿಗೂ ಇಲ್ಲ, ಯಾರಿಗೂ ಇಲ್ಲ.

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಪಾದ್ರಿಗಳಲ್ಲದ, ತರಕಾರಿ ಮಾರುವಂಥ ಸಾಮಾನ್ಯ ಜನರೂ ಆ ‘ಎಲ್ಲರಲ್ಲಿ’ ಸೇರಿದ್ದಾರೆ.

ಗೊಂದಲ ಹುಟ್ಟಿರುವುದು ಬಹುಶಃ ಸುಪ್ರೀಂ ಕೋರ್ಟಿನ 1977ರ ಸ್ಟಾನಿಸ್ಲಾಸ್ ತೀರ್ಪಿನಿಂದ. ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡಬಹುದು, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು ಪೀಠ. ಫಾರ್ವರ್ಡ್ ಮಾಡುವವರು ಎರಡನೆಯ ಅರ್ಧವನ್ನಷ್ಟೇ ಇಟ್ಟುಕೊಂಡರು. ಹಲವು ರಾಜ್ಯಗಳ ಮತಾಂತರ ಕಾನೂನುಗಳು ಬಲವಂತ, ವಂಚನೆ, ಆಮಿಷಗಳನ್ನು ಶಿಕ್ಷಿಸುತ್ತವೆ. ಆಮಿಷದ ವ್ಯಾಖ್ಯೆ ಕೆಲವೆಡೆ ತೀರಾ ಅಗಲವಾಗಿದೆ, ನಿಜವಾದ ತಕರಾರು ಅಲ್ಲಿದೆ. ಪಕ್ಕದ ಮನೆಯವರು ಕೇಳಿದಾಗ ತನ್ನ ನಂಬಿಕೆ ಹೇಳಿಕೊಳ್ಳುವುದು ಇದ್ಯಾವುದೂ ಅಲ್ಲ.