ಒಂದು ಅಲ್ಪವಿರಾಮದ ವಿಜಯಗಾಥೆ

ಕಾನೂನಿನ ಈ ಕಲಂ ಸರಿಯಿಲ್ಲ, ಬದಲಾಯಿಸಿ ಅಂತ ಶಾಸಕರಿಗೂ ಇಲಾಖೆಗಳಿಗೂ ದುಂಬಾಲು ಬೀಳುವುದು ನನ್ನ ಕೆಲಸ. ಹೀಗೆಂದ ಕೂಡಲೇ ಜನ ‘ಓ, ಲಾಬಿ ಮಾಡೋರಾ?’ ಅಂತ ಕಣ್ಣು ಮಿಟುಕಿಸುತ್ತಾರೆ. ಸೂಟ್‌ಕೇಸು, ರಾತ್ರಿ ಭೇಟಿ, ಏನೇನೋ ತಲೆಯಲ್ಲಿ ಓಡುತ್ತಿರುತ್ತದೆ ಪಾಪ. ಲಾಬಿಗೆ ಕನ್ನಡದಲ್ಲಿ ಮೊಗಸಾಲೆ ಅಂತಾರಲ್ವಾ, ನಾನು ಮಾಡುವುದೂ ಅಷ್ಟೇ, ಮೊಗಸಾಲೆಯ ಬೆಂಚಿನ ಮೇಲೆ ಕೂರುವುದು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಪಿಎ ಹೇಳುತ್ತಾರೆ. ಯಾರ ಜೊತೆ ಮೀಟಿಂಗು ಅಂತ ಕೇಳಬಾರದು. ಸೂಟ್‌ಕೇಸಿನವರು ಬೆಂಚಿನ ಮೇಲೆ ಕೂತಿದ್ದನ್ನು ನಾನಂತೂ ನೋಡಿಲ್ಲ.

ನಮ್ಮಂಥವರ ಮಾತೂ ಕೇಳಬೇಕು ಅಂತ ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿ ಮಾಡಿತು. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು ಸಲಹೆ ಕೇಳಬೇಕು. ಬಹಳ ಸಂತೋಷ. ಆದರೆ ಇದು ನೀತಿ, ಕಾನೂನಲ್ಲ. ಊರಿಗೆಲ್ಲ ಕಾನೂನು ಮಾಡುವವರು ತಮಗೊಂದು ಮಾಡಿಕೊಳ್ಳುವಾಗ ಮಾತ್ರ ‘ನೀತಿ ಸಾಕು ಬಿಡಿ’ ಅಂದರು. ಹಾಗಾಗಿ ಕರಡು ಬಂದರೆ ಬಂತು, ಇಲ್ಲದಿದ್ದರೆ ಮಸೂದೆಯೇ ಸೀದಾ ಸದನಕ್ಕೆ ಬರುತ್ತದೆ.

ಬಂದರೂ ಅದು ಯಾವ ಭಾಷೆಯಲ್ಲಿ? ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅಳೆಯುವ 2020ರ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಇಂಗ್ಲಿಷು, ಹಿಂದಿಯಲ್ಲಿ ಬಂತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟು ಹೇಳಬೇಕಾಯಿತು. ಸರ್ಕಾರ ಅನುವಾದಕರನ್ನು ಹುಡುಕಿತೇ? ಇಲ್ಲ, ವಕೀಲರನ್ನು ಹುಡುಕಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. ನಿಮ್ಮ ಊರಿನ ಕೆರೆ ಬಗ್ಗೆ ಅಭಿಪ್ರಾಯ ಹೇಳಿ, ಆದರೆ ನಿಮ್ಮ ಊರಿನ ಭಾಷೆಯಲ್ಲಿ ನಾವು ಕೇಳುವುದಿಲ್ಲ ಅನ್ನುವುದಕ್ಕೆ ಇಷ್ಟೊಂದು ಹೋರಾಟ!

ನನಗೆ ತುಂಬಾ ಇಷ್ಟವಾಗಿದ್ದು 2022ರ ನವೆಂಬರಿನಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು. ಸಲಹೆ ಕೊಡಿ, ಆದರೆ ಯಾರು ಏನು ಹೇಳಿದರು ಅಂತ ಬಹಿರಂಗ ಮಾಡುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಜನರ ಖಾಸಗಿತನ ಆಮೇಲೆ ನೋಡೋಣ, ಮೊದಲು ಸಲಹೆಪೆಟ್ಟಿಗೆಯ ಖಾಸಗಿತನ ಭದ್ರವಾಗಲಿ ಅಂತಿರಬೇಕು.

ಮಸೂದೆ ಪರಿಶೀಲಿಸುವ ಸಂಸದೀಯ ಸಮಿತಿಗೆ ಹೋಗಿ ಹೇಳಬಹುದಲ್ಲ ಅಂತೀರಾ? 15ನೇ ಲೋಕಸಭೆಯ ಕಾಲದಲ್ಲಿ ನೂರಕ್ಕೆ 71 ಮಸೂದೆ ಸಮಿತಿಗೆ ಹೋಗುತ್ತಿದ್ದವು. 17ನೇ ಲೋಕಸಭೆ ಹೊತ್ತಿಗೆ 16 ಆಯಿತು. ಹೋಗಲಿ, ಮಂತ್ರಿಯಲ್ಲದ ಯಾರಾದರೂ ಸಂಸದರ ಕೈಯಲ್ಲೇ ಖಾಸಗಿ ಮಸೂದೆ ಮಂಡನೆ ಮಾಡಿಸೋಣ ಅಂದರೆ, ಅಂಥದ್ದೊಂದು ಸಂಸತ್ತಿನಲ್ಲಿ ಕೊನೇ ಸಲ ಪಾಸಾಗಿದ್ದು 1970ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ.

ಇರಲಿ, ನನ್ನ ಕಥೆಗೆ ಬರುತ್ತೇನೆ. ಒಂದು ಇಲಾಖೆ (ಹೆಸರು ಬೇಡ, ನಾಳೆ ಮತ್ತೆ ಅದೇ ಬೆಂಚಿಗೆ ಹೋಗಬೇಕು) ಶುಕ್ರವಾರ ಸಂಜೆ ಕರಡು ಹಾಕಿತು. ಸ್ಕ್ಯಾನ್ ಮಾಡಿದ ಪುಟಗಳು, ಒಂದು ಪದ ಹುಡುಕಲೂ ಬರುವುದಿಲ್ಲ, ಎರಡು ಪುಟ ತಲೆಕೆಳಗು. ಕತ್ತು ವಾಲಿಸಿಕೊಂಡು ಓದಿ, ವಾರವಿಡೀ ನಿದ್ದೆಗೆಟ್ಟು 14 ಪುಟದ ಆಕ್ಷೇಪಣೆ ಬರೆದು ಮೇಲ್ ಕಳಿಸಿದರೆ ಅವರ ಮೇಲ್‌ಬಾಕ್ಸ್ ತುಂಬಿದೆ ಅಂತ ವಾಪಸ್ ಬಂತು. ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಮಸೂದೆ ಧ್ವನಿಮತದಲ್ಲಿ ಪಾಸಾಯಿತು. ಅದಾಗಿ ಮೂರು ವಾರಕ್ಕೆ ಉತ್ತರ ಬಂತು: ‘ತಮ್ಮ ಸಲಹೆಗಳನ್ನು ಪರಿಶೀಲಿಸಲಾಗುವುದು.’

ನಮ್ಮ ಸಂಸ್ಥೆಗೆ ಹಣ ಕೊಡುವವರು ವರ್ಷದ ಕೊನೆಗೆ ‘ಏನು ಪರಿಣಾಮ ಆಯ್ತು?’ ಅಂತ ಕೇಳುತ್ತಾರಲ್ಲ, ಹಾಗಾಗಿ ಕರಡನ್ನೂ ಕಾಯ್ದೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ಹೋಲಿಸಿದೆವು. 9ನೇ ಕಲಮಿನಲ್ಲಿ ಒಂದು ಅಲ್ಪವಿರಾಮ ಜಾಸ್ತಿಯಾಗಿತ್ತು! ನಾವು ಕೇಳಿದ್ದು ಅದನ್ನಲ್ಲ, ಆದರೂ ವರದಿಯಲ್ಲಿ ‘ನಮ್ಮ ನಿರಂತರ ಪ್ರಯತ್ನದಿಂದ 9ನೇ ಕಲಮಿನಲ್ಲಿ ಮಹತ್ವದ ಬದಲಾವಣೆ’ ಅಂತ ಬರೆದು, ಒಂದು ಫೋಟೋನೂ ಹಾಕಿದೆವು.

ಮುಂದಿನ ತಿಂಗಳು ಗೆಜೆಟ್ಟಿನಲ್ಲಿ ತಿದ್ದೋಲೆ ಬಂತು. 9ನೇ ಕಲಮಿನ ಅಲ್ಪವಿರಾಮ ಬೆರಳಚ್ಚಿನ ತಪ್ಪಂತೆ, ತೆಗೆದಿದ್ದಾರೆ.