ಯಜಮಾನರನ್ನ ಕರ್ಕೊಂಡು ಬನ್ನಿ

ನನ್ನ ಹೆಂಡತಿ ಹತ್ತು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಸಾಗರದ ಹತ್ತಿರ ನಮ್ಮ ಹಳ್ಳಿ. ಯಾವ ಮರದ ಮಿಡಿಗೆ ಸೊನೆ ಜಾಸ್ತಿ, ಯಾವುದು ಉಪ್ಪಿನಲ್ಲಿ ಎಷ್ಟು ದಿನಕ್ಕೆ ಸುಕ್ಕಾಗುತ್ತದೆ, ಯಾವ ಅಂಗಡಿಯವನು ಬಾಕಿ ಕೊಡದೆ ಸತಾಯಿಸುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ನನಗೆ ಗೊತ್ತಿರುವುದು ಒಂದೇ. ಮೊಸರನ್ನಕ್ಕೆ ಎರಡು ಮಿಡಿ ಬೇಕು.

ಆದರೂ ಬ್ಯಾಂಕಿನವರ ಲೆಕ್ಕದಲ್ಲಿ ಉಪ್ಪಿನಕಾಯಿ ತಜ್ಞ ನಾನೇ.

ಖಾರ ಅರೆಯುವ ಯಂತ್ರಕ್ಕೆ ಸಾಲ ಕೇಳೋಕೆ ಅವಳು ಒಬ್ಬಳೇ ಹೋಗಿದ್ದಳು. 'ಯಜಮಾನರನ್ನ ಕರ್ಕೊಂಡು ಬನ್ನಿ ಅಮ್ಮ' ಅಂದು ಕಳಿಸಿದರು. ಮರುದಿನ ನಾನೂ ಹೋದೆ. ಮ್ಯಾನೇಜರು ಕುರ್ಚಿ ತರಿಸಿದರು. ಒಂದೇ ಕುರ್ಚಿ.

'ಸಾರ್, ವರ್ಷಕ್ಕೆ ಎಷ್ಟು ವ್ಯಾಪಾರ?'

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹೇಳಿದಳು. ಮ್ಯಾನೇಜರು ನನ್ನ ಕಡೆ ತಿರುಗಿ ತಲೆ ಆಡಿಸಿದರು.

'ಮಿಡಿ ಎಲ್ಲಿಂದ ತರಿಸ್ತೀರಿ ಸಾರ್?'

'ರಿಪ್ಪನ್‌ಪೇಟೆ ಕಡೆಯಿಂದ' ಅಂದಳು ಅವಳು.

'ಒಳ್ಳೇದು ಸಾರ್.'

ಅರ್ಧ ಗಂಟೆ ಉತ್ಸವಮೂರ್ತಿ ಥರ ಕೂತಿದ್ದೆ. ಮಂತ್ರ ಎಲ್ಲ ಅವಳದ್ದು, ಕೈ ಮುಗಿಯೋದು ಮಾತ್ರ ನನಗೆ.

ಕೊನೆಗೆ ಅಡಮಾನಕ್ಕೆ ತೋಟದ ಪಹಣಿ ಬೇಕು ಅಂದರು. ನಾವು ಕೇಳಿದ್ದು ಮೂರು ಲಕ್ಷ. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬೇಡಿ ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆ ಸುತ್ತೋಲೆ ತಾಳಗುಪ್ಪದ ರೈಲು ಹತ್ತಿದೆ, ಇನ್ನೂ ಬರ್ತಾ ಇರಬೇಕು.

ಪಹಣಿ ನನ್ನ ಹೆಸರಲ್ಲಿದೆ. ಹೇಗೆ ಬಂತು ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಕೇಂದ್ರದ ತಿದ್ದುಪಡಿ 2005ರಲ್ಲಿ. ಅದೆಲ್ಲ ಆದ ಮೇಲೇ, ನಮ್ಮ ತಂಗಿ ಹಬ್ಬಕ್ಕೆ ಬಂದಾಗ ಹೋಳಿಗೆ ಬಡಿಸಿ, ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ನೋಂದಣಿ ಕಚೇರಿಯಲ್ಲಿ ಅವಳಿಗೆ ಯಾರೂ 'ಯಜಮಾನರನ್ನ ಕರ್ಕೊಂಡು ಬನ್ನಿ' ಅನ್ನಲಿಲ್ಲ. ಬಿಟ್ಟುಕೊಡುವಾಗ ಹೆಂಗಸಿನ ಸಹಿ ಒಂದೇ ಸಾಕು, ನೋಡಿ.

ನಮ್ಮ ಪಕ್ಕದ ಊರಲ್ಲಿ ಒಬ್ಬ ಕಂಟ್ರಾಕ್ಟರ್ ಇದ್ದಾನೆ. ವ್ಯವಹಾರ ಪೂರ್ತಿ ಹೆಂಡತಿಯ ಹೆಸರಲ್ಲಿ. ಆಕೆ ಪ್ರೊಪ್ರೈಟರ್. ಒಲೆ ಮೇಲೆ ಹಾಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಖಾಲಿ ಚೆಕ್ಕುಗಳಿಗೆ ಸಾಲಾಗಿ ಸಹಿ ಹಾಕುತ್ತಾಳೆ. ಹಾಲು ಉಕ್ಕುವುದರೊಳಗೆ ವ್ಯವಹಾರ ಮುಗಿದಿರುತ್ತದೆ. ಆ ಸಹಿಯ ಮೇಲೆ ಇವತ್ತಿನವರೆಗೆ ಯಾರಿಗೂ ಅನುಮಾನ ಬಂದಿಲ್ಲ.

ಈ ನಡುವೆ ಮಾರ್ಚ್ 8ಕ್ಕೆ ಶಿವಮೊಗ್ಗದಲ್ಲಿ ಮಹಿಳಾ ಉದ್ಯಮಿಗಳ ಸಮಾರಂಭ. ಸನ್ಮಾನ ನನಗೆ! 'ಮಹಿಳಾ ಉದ್ಯಮಿಯ ಬೆನ್ನೆಲುಬು' ಅಂತೆ. ಹೆಂಡತಿಯನ್ನು ಕರೆದೆ. ಮಾರ್ಚ್ ಅಂದರೆ ಮಿಡಿಯ ಕಾಲ, ಕೊಯ್ದ ಮಿಡಿ ಭಾಷಣ ಮುಗಿಯುವವರೆಗೆ ಕಾಯುವುದಿಲ್ಲ. ಹಾಗಾಗಿ ಬೆನ್ನೆಲುಬು ಬಸ್ ಹತ್ತಿತು, ಬೆನ್ನು ಮನೆಯಲ್ಲೇ ಬಗ್ಗಿ ಕೆಲಸ ಮಾಡುತ್ತಿತ್ತು.

ವೇದಿಕೆಯಲ್ಲಿ ಒಂಬತ್ತು ಗಂಡಸರು. ಎಲ್ಲರೂ ಕೆಳದಿ ಚೆನ್ನಮ್ಮನಿಂದಲೇ ಶುರು ಮಾಡಿದರು. 1672ರಿಂದ 25 ವರ್ಷ ರಾಜ್ಯ ಆಳಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯಕ್ಕೆ ಹೆದರಲಿಲ್ಲ. ಎಲ್ಲ ನಿಜ. ಆದರೆ ಆಕೆ ಈಗ ಬಂದು ಮೂರು ಲಕ್ಷ ಕೇಳಿದರೆ, ಗಂಡ ಸೋಮಶೇಖರ ನಾಯಕರ ಡೆತ್ ಸರ್ಟಿಫಿಕೇಟ್ ತನ್ನಿ ಅಂತಾರೆ. ಜೊತೆಗೆ ಮಗನದ್ದೊಂದು ಸಹಿ.

ನನಗೂ ಮೈಕ್ ಕೊಟ್ಟರು. 'ನಾನು ನನ್ನ ಹೆಂಡತಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೀನಿ' ಅಂದೆ. ಚಪ್ಪಾಳೆಯೋ ಚಪ್ಪಾಳೆ. ಎಲ್ಲಿಂದ ತಂದು ಕೊಟ್ಟೆ ಅಂತ ಯಾರೂ ಕೇಳಲಿಲ್ಲ. ಊಟಕ್ಕೆ ನಮ್ಮನೆ ಉಪ್ಪಿನಕಾಯಿಯೇ ಇತ್ತು. ಅದರ ದುಡ್ಡು ಇನ್ನೂ ಬಂದಿಲ್ಲ.

ಸಂಜೆ ಪೇಟ, ಶಾಲು, ಹಣ್ಣಿನ ಬುಟ್ಟಿ ಸಮೇತ ಮನೆಗೆ ಬಂದೆ. ಜಗಲಿ ತುಂಬ ಮಿಡಿ. 'ಪೇಟ ತೆಗೆದಿಟ್ಟು ಇಲ್ಲಿ ಬನ್ನಿ, ತೊಟ್ಟು ಮುರೀರಿ' ಅಂದಳು. ಕೂತೆ. ಐದನೇ ಮಿಡಿಗೇ ಸೊನೆ ಚಿಮ್ಮಿ ಕೈ ಉರಿಯತೊಡಗಿತು. ಅವಳ ಬೆರಳು ನೋಡಿದೆ. ತುದಿಯೆಲ್ಲ ಸುಟ್ಟು ಕಪ್ಪಾಗಿತ್ತು.

ಅಷ್ಟರಲ್ಲಿ ಫೋನು. ಬ್ಯಾಂಕಿನವರು.

'ಸಾರ್, ಮೇಡಂ ಲೋನ್ ವಿಷಯ ಸ್ವಲ್ಪ ಮಾತಾಡಬೇಕಿತ್ತು.'

'ಇಲ್ಲೇ ಇದ್ದಾಳೆ, ಕೊಡ್ತೀನಿ ಇರಿ.'

'ಅಯ್ಯೋ, ಬೇಡ ಬಿಡಿ ಸಾರ್. ಅವರು ಕೆಲಸದಲ್ಲಿರ್ತಾರೆ.'